ವಿದೇಶದಲ್ಲಿ ಓದುವಾಗ ಶನಿವಾರ-ರವಿವಾರ ಗೆಳತಿಯ ಊರಿಗೆ ಹೋಗಿಬರುವುದು: ದಂಡದ ಖರ್ಚಾ, ಬೇಕಾದ್ದಾ?

ಗುಮ್ಮಟದೂರಿನವಳು (ವಿಜಯಪುರ, ಸದ್ಯ ಜರ್ಮನಿಯ ಕೆಮ್ನಿಟ್ಸ್)

ಎಲ್ಲರಿಗೂ ನಮಸ್ಕಾರ. ನಮ್ಮ ಮೂರು ಜಿಲ್ಲೆಯವರ ಈ ಗುಂಪಿನಲ್ಲಿ ವೀಸಾ, ಬ್ಲಾಕ್ಡ್ ಅಕೌಂಟ್ (ಮೊದಲೇ ರೊಕ್ಕ ತುಂಬಿ, ಆಮೇಲೆ ತಿಂಗಳು ತಿಂಗಳು ಇಷ್ಟೇ ಅಂತ ತೆಗೆಯುವ ಖಾತೆ), ಎಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್‌ಕಾರ್ಡ್ ಅಸಲಿ ಅಂತ ಜರ್ಮನಿಯವರು ಪರಿಶೀಲಿಸಿ ಕೊಡುವ ಪತ್ರ) ಬಗ್ಗೆ ಬೇಕಾದಷ್ಟು ಮಾತಾಗಿದೆ. ಇಲ್ಲಿ ಬಂದು ಇಳಿದ ಮೇಲೆ ಶನಿವಾರ-ರವಿವಾರ ಒಬ್ಬರೇ ಹೇಗೆ ಕಳೆಯುವುದು ಅಂತ ಯಾರೂ ಬರೆದ ಹಾಗಿಲ್ಲ. ಅದಕ್ಕೇ ಈ ವಿಷಯ ತೆಗೆದಿದ್ದೇನೆ.

ಹೋದ ವಾರ ಗೆಳತಿಯನ್ನು ನೋಡಲು ಮಾಗ್ಡೆಬುರ್ಗ್‌ಗೆ ಹೋಗಿಬಂದೆ. ಮನೆಗೆ ಫೋನ್ ಮಾಡಿ ಹೇಳಿದಾಗ ಅಪ್ಪ, "ಓದಾಕ ಹೋಗಿಯೋ, ತಿರಗಾಕ ಹೋಗಿಯೋ?" ಅಂದರು. ಸಿಟ್ಟಿನಿಂದ ಅಂದದ್ದಲ್ಲ. ಸಾಲ ತೆಗೆದು ಮಗಳನ್ನು ಕಳಿಸಿದವರಿಗೆ ಹಾಗೆ ಅನ್ನಿಸುತ್ತದೆ. ಆದರೆ ನನ್ನ ಮಟ್ಟಿಗೆ ಈ ಹೋಗಿಬರುವುದು ತಿರುಗಾಟ ಅಲ್ಲವೇ ಅಲ್ಲ. ಬಾಡಿಗೆ, ಊಟ, ಇನ್ಶೂರೆನ್ಸ್ ಇದ್ದ ಹಾಗೆ ಇದೂ ಇಲ್ಲಿನ ಬದುಕಿನ ಒಂದು ಖರ್ಚು. ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳಬೇಕು.

ಯಾಕೆ ಅಂತ ಹೇಳುತ್ತೇನೆ. ಅವಳು ಇಳಕಲ್ಲಿನವಳು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುವಾಗ ನಾವಿಬ್ಬರೂ ಒಂದೇ ಖೋಲಿಯಲ್ಲಿದ್ದೆವು. ಈ ಸಲ (2025) ದೀಪಾವಳಿ ಸೋಮವಾರದಿಂದ ಬುಧವಾರದವರೆಗೆ ಬಂತು. ಇಲ್ಲಿ ಅದಕ್ಕೆ ಸೂಟಿ ಎಲ್ಲಿಂದ ಬರಬೇಕು? ಅಕ್ಟೋಬರ್ ನಡುವೆ ಚಳಿಗಾಲದ ಸೆಮಿಸ್ಟರ್ ಶುರುವಾಗಿ ತರಗತಿಗಳೆಲ್ಲ ಭರದಲ್ಲಿ ಇರುತ್ತವೆ. ಹಬ್ಬದ ದಿನ ಫೋನ್ ಮಾಡಿದರೆ, "ಅರಾಮ ಅದೀನಿ, ವಿಡಿಯೋ ಬ್ಯಾಡ, ಬರೇ ಮಾತಾಡೋಣು" ಅಂದಳು. ಅವಳು ಹಾಗೆ ಅನ್ನುವವಳಲ್ಲ. ಮಾತು ಮುಗಿಸಿ ಫೋನ್ ಇಟ್ಟ ಮೇಲೆ ಟಿಕೆಟ್ ಬಗ್ಗೆ ನೋಡತೊಡಗಿದೆ.

ಕೆಮ್ನಿಟ್ಸ್‌ನಿಂದ ಲೈಪ್ಸಿಗ್‌ಗೆ ಆರ್‌ಇ 6 ಅನ್ನುವ ಗಾಡಿ. ಸುಮಾರು ಒಂದು ತಾಸು. ಲೈಪ್ಸಿಗ್‌ನಲ್ಲಿ ಇಳಿದು ಆರ್‌ಇ 13 ಹತ್ತಿದರೆ ಡೆಸ್ಸಾವ್ ಮೇಲೆ ಹಾದು ಮಾಗ್ಡೆಬುರ್ಗ್. ನಡುವೆ ಕಾಯುವುದೂ ಸೇರಿದರೆ ಮೂರೂವರೆ ತಾಸು ಹಿಡಿಯಿರಿ. ಎರಡೂ ಪ್ರಾದೇಶಿಕ ಗಾಡಿಗಳೇ ಆದ್ದರಿಂದ ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ಪಾಸಿನಲ್ಲೇ ಆಗಿಹೋಯಿತು. ಆ ತಿಂಗಳ ಪಾಸು ಹೇಗೂ ಇತ್ತು, ಮೇಲೆ ಒಂದು ಯೂರೋ ಸಹ ಬೀಳಲಿಲ್ಲ.

ಬುತ್ತಿಗೆ ಮನೆಯಿಂದ ಬಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಮೀನಗಡದ ಕರದಂಟು. ರೊಟ್ಟಿ ಎಲ್ಲ ಸೂಟ್‌ಕೇಸಿನಲ್ಲೇ ಚೂರಾಗಿದ್ದವು. ಆ ಚೂರಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಉಳ್ಳಾಗಡ್ಡಿ, ಸಾಸಿವೆ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಶೇಂಗಾ ಪುಡಿ ಉದುರಿಸಿದೆವು. ಒಗ್ಗರಣೆ ಹಾಕುವ ಮೊದಲು ಕಿಟಕಿ ಪೂರ್ತಿ ತೆಗೆದು, ಬಾಗಿಲ ಕೆಳಗಿನ ಸಂದಿಗೆ ಟವೆಲ್ ಒತ್ತಿದೆವು. ಮೆಣಸಿನಕಾಯಿ ಘಾಟು ಏರಿದರೆ ಛಾವಣಿಯ ಹೊಗೆ ಅಲಾರಾಂ ಕೂಗುತ್ತದೆ. ಹೊರಗೆ ಕೊರೆಯುವ ಚಳಿ. ಇಬ್ಬರೂ ಜಾಕೆಟ್ ಹಾಕಿಕೊಂಡೇ ಒಲೆಯ ಮುಂದೆ ನಿಂತಿದ್ದೆವು. ತಟ್ಟೆಗೆ ಹಾಕಿ ಕೊಟ್ಟಾಗ ಅವಳು ಮೊದಲ ತುತ್ತು ತಿಂದು ಎಷ್ಟೋ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮಾತಿಗೆ ಶುರು ಹಚ್ಚಿದವಳು ನಿಲ್ಲಿಸಲಿಲ್ಲ.

ಅಕ್ಟೋಬರ್ ಕೊನೆಯ ರವಿವಾರ ನಸುಕಿನಲ್ಲಿ ಇಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಹಾಕುತ್ತಾರೆ. ಮೂರು ಹೊಡೆಯಬೇಕಾದ ಹೊತ್ತಿಗೆ ಮತ್ತೆ ಎರಡಾಗುತ್ತದೆ. ನಾವು ಎದ್ದೇ ಇದ್ದೆವು. ಫೋನಿನಲ್ಲಿ 2:59 ಇದ್ದದ್ದು 2:00 ಆಯಿತು. ನಮಗೆ ಮಾತಾಡಲು ಒಂದು ತಾಸು ಜಾಸ್ತಿ ಸಿಕ್ಕಿತು. ಆ ಹೊತ್ತಿನಲ್ಲೇ ಅವಳು ಮೊದಲ ಸಲ ಹೇಳಿದ್ದು, ಮೂರು ವಾರದಿಂದ ಕನ್ನಡದಲ್ಲಿ ಎದುರಾಎದುರು ಯಾರ ಜೊತೆಗೂ ಮಾತಾಡಿಲ್ಲ ಅಂತ.

ನೀವು ಏನಂತೀರಿ? ಹೊರಗೆ ಓದಿದವರು, ಓದುತ್ತಿರುವವರು, ಮಕ್ಕಳನ್ನು ಕಳಿಸಿದವರು ಎಲ್ಲರೂ ಹೇಳಿ.

ಘಟಪ್ರಭೆ (ಗೋಕಾಕ, ಸದ್ಯ ಬೆಳಗಾವಿ)

ತಂಗಿ, ಬರೆದದ್ದು ಮನಸ್ಸಿಗೆ ಹತ್ತಿತು. ಆದರೂ ನಾನು ನಿಮ್ಮ ಅಪ್ಪನ ಕಡೆ. ನಾನೂ ಜರ್ಮನಿಯಲ್ಲೇ ಮಾಸ್ಟರ್ಸ್ ಮಾಡಿ ಬಂದವನು.

ಲೆಕ್ಕ ನೋಡಿ. ಬ್ಲಾಕ್ಡ್ ಅಕೌಂಟ್‌ನಿಂದ ಬರುವುದು ತಿಂಗಳಿಗೆ 992 ಯೂರೋ. ಬಾಡಿಗೆ, ಇನ್ಶೂರೆನ್ಸ್, ಊಟ ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಅದಕ್ಕೇ ಎಲ್ಲರೂ ಶನಿವಾರ ಕೆಲಸಕ್ಕೆ ಹೋಗುತ್ತಾರೆ. 2025ರಲ್ಲಿ ಅಲ್ಲಿ ಕನಿಷ್ಠ ಕೂಲಿ ತಾಸಿಗೆ 12.82 ಯೂರೋ. ಒಂದು ಶನಿವಾರ ಎಂಟು ತಾಸಿನ ಕೆಲಸ ಬಿಟ್ಟರೆ 100 ಯೂರೋ ಹೋಯಿತು. ಟಿಕೆಟ್ ಪುಕ್ಕಟೆ ಆಯಿತು ಅಂತೀರಿ, ಈ 100 ಯೂರೋ ಎಲ್ಲಿ ಬರೆದಿರಿ?

ಇನ್ನೊಂದು ಮಾತು. ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ಪರೀಕ್ಷೆಗೆ ಮೂರೇ ಅವಕಾಶ. ಮೂರನೆಯ ಸಲವೂ ಹೋದರೆ ಆ ಕೋರ್ಸೇ ಕೈಬಿಟ್ಟ ಹಾಗೆ. ಮೊದಲ ಸೆಮಿಸ್ಟರ್‌ನಲ್ಲಿ ಊರೂರು ತಿರುಗಿ ಆಮೇಲೆ ಅತ್ತವರನ್ನು ನೋಡಿದ್ದೇನೆ. ಗೆಳತಿ ಜೊತೆ ಫೋನಿನಲ್ಲಿ ದಿನಾ ಮಾತಾಡಬಹುದಲ್ವಾ?

ಗುಮ್ಮಟದೂರಿನವಳು

ಅಣ್ಣಾರ, ಕೂಲಿಯ ಲೆಕ್ಕ ಸರಿ ಇದೆ. ಅದನ್ನು ನಾನೂ ಬರೆದಿಟ್ಟಿದ್ದೇನೆ. ವರ್ಷಕ್ಕೆ ನಮಗೆ ಕೆಲಸ ಮಾಡಲು 140 ಪೂರ್ಣ ದಿನ, ಇಲ್ಲವೇ 280 ಅರ್ಧ ದಿನದ ಮಿತಿ ಇದೆ. ಆ ಮಿತಿಯೊಳಗೆ ನಡುನಡುವೆ ಒಂದು ಶನಿವಾರ ಬಿಟ್ಟು, ಬದಲಿಗೆ ಬೇರೆ ದಿನ ಸಂಜೆ ಕೆಲಸ ಹಿಡಿಯಬಹುದು.

ಪರೀಕ್ಷೆಯ ಮಾತೂ ಒಪ್ಪುತ್ತೇನೆ. ಚಳಿಗಾಲದ ಸೆಮಿಸ್ಟರ್ ಪರೀಕ್ಷೆ ಬರುವುದು ಫೆಬ್ರವರಿ ಸುಮಾರಿಗೆ. ಜನವರಿಯಿಂದ ಎಲ್ಲಿಗೂ ಹೋಗಬೇಡಿ. ನಾನು ಹೇಳುವುದು ಅಕ್ಟೋಬರ್, ನವೆಂಬರ್, ಡಿಸೆಂಬರ್ ಬಗ್ಗೆ. ಗಡಿಯಾರ ಹಿಂದೆ ಹೋದ ಮೇಲೆ ಐದಕ್ಕೆಲ್ಲ ಕತ್ತಲು ಕವಿಯುತ್ತದೆ. ವಿಜಯಪುರದ ಬಿಸಿಲಲ್ಲಿ ಬೆಳೆದವರಿಗೆ ಅದು ತಡೆಯಲು ಕಷ್ಟ. ಆ ತಿಂಗಳುಗಳಲ್ಲಿ ಮನಸ್ಸು ಕುಗ್ಗಿದರೆ ಜನವರಿಯಲ್ಲಿ ಪುಸ್ತಕ ಹಿಡಿಯುವುದು ಹೇಗೆ?

ಫೋನ್ ಬಗ್ಗೆ ಮಾತ್ರ ಒಪ್ಪಲಾರೆ. ಫೋನಿನಲ್ಲಿ ಎಲ್ಲರೂ "ಅರಾಮ" ಅಂತಲೇ ಹೇಳುತ್ತಾರೆ. ಅವಳ ಖೋಲಿಗೆ ಹೋದಾಗ ನೋಡಿದೆ, ಪಾತ್ರೆಗಳನ್ನು ತಂದ ರಟ್ಟಿನ ಡಬ್ಬಿ ಇನ್ನೂ ಬಿಚ್ಚಿರಲಿಲ್ಲ. ಕುಕ್ಕರ್ ಅದರಲ್ಲೇ ಇತ್ತು. ಬಂದಾಗಿನಿಂದ ಬ್ರೆಡ್ಡು, ಹಾಲಿನ ಮೇಲೆಯೇ ದಿನ ದೂಡಿದ್ದಳು. ಇದು ಫೋನಿನಲ್ಲಿ ಕಾಣುತ್ತದೆಯೇ?

ನವನಗರದ ಕಾಕಾ (ಬಾಗಲಕೋಟೆ)

ನನ್ನ ಮಗಳು ಈ ಅಕ್ಟೋಬರ್‌ನಲ್ಲೇ ಜರ್ಮನಿಯ ಇಲ್ಮೆನಾವ್‌ಗೆ ಹೋಗಿದ್ದಾಳೆ. ಇದನ್ನು ಓದಿ ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅವಳೂ ದಿನಾ "ಅರಾಮ ಅದೀನಿ ಪಪ್ಪಾ" ಅಂತಲೇ ಹೇಳುತ್ತಾಳೆ.

ಒಂದು ಮಾತು ನೆನಪಾಯಿತು. ಆಲಮಟ್ಟಿ ಹಿನ್ನೀರು ಬಂದು ನಮ್ಮ ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದಾಗ ಒಂದೇ ಓಣಿಯವರು ನವನಗರದ ಬೇರೆ ಬೇರೆ ಸೆಕ್ಟರ್‌ಗೆ ಚೆದುರಿ ಹೋದೆವು. ಮೊದಲು ಕಟ್ಟೆ ಮೇಲೆ ಕೂತರೆ ಸಾಕು, ಹತ್ತು ಜನ ಸೇರುತ್ತಿದ್ದರು. ನವನಗರದಲ್ಲಿ ರಸ್ತೆ ಅಗಲ, ಮನೆ ಹೊಸದು, ಪಕ್ಕದಲ್ಲಿ ಯಾರು ಅಂತಲೇ ಗೊತ್ತಿಲ್ಲ. ಆಗ ನಮ್ಮವ್ವ ರವಿವಾರ ಬಂತೆಂದರೆ ಹಳೆ ಓಣಿಯ ಗೆಳತಿಯರ ಮನೆ ಹುಡುಕಿಕೊಂಡು ಹೋಗುತ್ತಿದ್ದಳು. ಕೈಯಲ್ಲಿ ಒಂದು ಡಬ್ಬಿ ಚಟ್ನಿ ಇರಲೇಬೇಕು. "ಯಾಕ ಅಷ್ಟು ದೂರ ಹೋಗ್ತಿ?" ಅಂತ ನಾವು ಅಂದರೆ, "ಅಕಿ ಒಬ್ಬಾಕಿ ಅದಾಳ" ಅನ್ನುತ್ತಿದ್ದಳು. ಆ ದಿನಗಳಲ್ಲಿ ಅವ್ವನ ಆರೋಗ್ಯ ನೆಟ್ಟಗಿದ್ದದ್ದು ಆ ಓಡಾಟದಿಂದಲೇ ಅಂತ ನಾನು ಈಗಲೂ ನಂಬಿದ್ದೇನೆ.

ಹಾಗಾಗಿ ಖರ್ಚಿನ ಬಗ್ಗೆ ನನ್ನ ತಕರಾರಿಲ್ಲ ತಾಯಿ. ಭಯ ಇರುವುದು ರಾತ್ರಿ ಪ್ರಯಾಣದ ಬಗ್ಗೆ. ಹುಡುಗಿ ಒಬ್ಬಳೇ ಗಾಡಿ ಬದಲಿಸುತ್ತಾ ಹೋಗುವುದು ಹೇಗೆ? ಗಾಡಿ ತಪ್ಪಿದರೆ ಏನು ಮಾಡಬೇಕು? ಟಿಕೆಟ್ ವಿಷಯ ನಮಗೆ ಏನೂ ತಿಳಿಯುವುದಿಲ್ಲ. ಯಾರಾದರೂ ಬಿಡಿಸಿ ಹೇಳಿ.

ಬಸವ ಎಕ್ಸ್‌ಪ್ರೆಸ್ (ಜಮಖಂಡಿ, ಸದ್ಯ ಜರ್ಮನಿಯ ಬ್ರೌನ್‌ಶ್ವೈಗ್)

ಕಾಕಾರ, ನಾನು ಹೇಳುತ್ತೇನೆ.

ಡಾಯ್ಚ್‌ಲಾಂಡ್ ಟಿಕೆಟ್ ಅಂದರೆ ತಿಂಗಳ ಪಾಸು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು. 2025ರಲ್ಲಿ 58, 2026ರ ಜನವರಿಯಿಂದ 63. ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಮೆಟ್ರೋ, ಪ್ರಾದೇಶಿಕ ರೈಲು ಎಲ್ಲದರಲ್ಲೂ ನಡೆಯುತ್ತದೆ. ಗಾಡಿಯ ಹೆಸರು ಆರ್‌ಇ, ಆರ್‌ಬಿ ಅಥವಾ ಎಸ್ ಅಂತ ಶುರುವಾದರೆ ಹತ್ತಬಹುದು. ಐಸಿಇ, ಐಸಿ (ದೂರ ಓಡುವ ವೇಗದ ಗಾಡಿ) ಅಂತಿದ್ದರೆ ಹತ್ತಬಾರದು, ದಂಡ ಬೀಳುತ್ತದೆ. ಹಲವು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಇದೇ ಪಾಸು ಮೂಲ ಬೆಲೆಯ ಶೇ. 60ಕ್ಕೆ ಸೆಮಿಸ್ಟರ್ ಶುಲ್ಕದ ಜೊತೆಯೇ ಸಿಗುತ್ತದೆ. ಮಗಳು ಮೊದಲು ತನ್ನ ಸೆಮಿಸ್ಟರ್ ಶುಲ್ಕದ ರಸೀದಿ ನೋಡಲಿ. ಅದರಲ್ಲಿ ಸೇರಿದ್ದರೆ ಬೇರೆ ಕೊಳ್ಳುವುದು ಸುಮ್ನೆ ದಂಡ. ಸೇರಿಲ್ಲದೆ ಬೇರೆ ತೆಗೆದುಕೊಂಡರೆ ಒಂದು ನೆನಪಿಡಬೇಕು. ಅದು ತಾನಾಗಿ ಪ್ರತಿ ತಿಂಗಳು ಮುಂದುವರಿಯುತ್ತದೆ. ಬೇಡ ಅಂದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಈ ತಾರೀಖು ಮರೆತು ರೊಕ್ಕ ಕಳೆದುಕೊಂಡವರು ಬಹಳ ಜನ.

ಆ್ಯಪ್‌ನಲ್ಲಿ ಗಾಡಿ ಹುಡುಕುವಾಗ "ಬರೀ ಪ್ರಾದೇಶಿಕ ಗಾಡಿ" ಅನ್ನುವ ಆಯ್ಕೆ ಒತ್ತಬೇಕು. ಇಲ್ಲದಿದ್ದರೆ ಮೇಲೆ ಬರುವುದೆಲ್ಲ ಐಸಿಇ. ಪಾಸಿನ ಮೇಲೆ ಹೆಸರಿರುತ್ತದೆ, ಹಾಗಾಗಿ ಪಾಸ್‌ಪೋರ್ಟೋ ರೆಸಿಡೆನ್ಸ್ ಕಾರ್ಡೋ ಜೊತೆಗಿರಲಿ. ಟಿಸಿ ಕೇಳಿಯೇ ಕೇಳುತ್ತಾರೆ.

ಗಾಡಿ ತಡವಾಗುವುದು, ಹಳಿ ಕೆಲಸ ಅಂತ ಅರ್ಧ ದಾರಿ ಬಸ್ಸಿನಲ್ಲಿ ಕಳಿಸುವುದು ಇಲ್ಲಿ ಮಾಮೂಲು. ಇಂಥ ಕೆಲಸ ಇಟ್ಟುಕೊಳ್ಳುವುದೂ ಜಾಸ್ತಿ ಶನಿವಾರ-ರವಿವಾರವೇ. ಅದಕ್ಕೇ ನನ್ನ ನಿಯಮ ಏನಂದರೆ, ಆ ದಿನದ ಕೊನೆಯ ಗಾಡಿಯನ್ನು ನಂಬಬಾರದು. ಕೊನೆಯದಕ್ಕಿಂತ ಎರಡು ಗಾಡಿ ಮುಂಚೆ ಹೊರಡಬೇಕು. ಶುಕ್ರವಾರ ರಾತ್ರಿ ಹೊರಡುವ ಬದಲು ಶನಿವಾರ ಬೆಳಿಗ್ಗೆ ಹೊರಟು, ರವಿವಾರ ಮಧ್ಯಾಹ್ನ ವಾಪಸ್ ಹತ್ತಿದರೆ ರಾತ್ರಿ ಪ್ರಯಾಣದ ಮಾತೇ ಬರುವುದಿಲ್ಲ. ಗಾಡಿ ಬದಲಿಸಲು ಐದು ನಿಮಿಷ ಮಾತ್ರ ತೋರಿಸಿದರೆ ಅದನ್ನು ಬಿಟ್ಟು ಮುಂದಿನದು ನೋಡಿ. ಮಗಳ ಫೋನಿನಲ್ಲಿ 112 ಮತ್ತು ಪೊಲೀಸರ 110 ಎರಡೂ ಇರಲಿ.

ಮೂರು-ನಾಲ್ಕು ಜನ ಸೇರಿ ಹೋಗುವುದಾದರೆ, ಪಾಸು ಇಲ್ಲದವರಿಗೆ ರಾಜ್ಯದ ಒಂದು ದಿನದ ಟಿಕೆಟ್ ಇದೆ. ಐದು ಜನರವರೆಗೆ ಒಂದೇ ಟಿಕೆಟ್ ಹಂಚಿಕೊಳ್ಳಬಹುದು. ಸ್ಯಾಕ್ಸನಿಯ ಟಿಕೆಟ್ ಪಕ್ಕದ ಸ್ಯಾಕ್ಸನಿ-ಅನ್ಹಾಲ್ಟ್ ಮತ್ತು ತ್ಯೂರಿಂಗೆನ್‌ನಲ್ಲೂ ನಡೆಯುತ್ತದೆ. ಇಲ್ಮೆನಾವ್ ಇರುವುದು ತ್ಯೂರಿಂಗೆನ್‌ನಲ್ಲೇ.

ಟಿಳಕವಾಡಿ (ಬೆಳಗಾವಿ, ಸದ್ಯ ಇಂಗ್ಲೆಂಡಿನ ಲೀಡ್ಸ್)

ಇಂಗ್ಲೆಂಡಿನಲ್ಲಿ ಇಂಥ ಪಾಸು ಇಲ್ಲ. ನಾವು ಮಾಡಿಸಿಕೊಳ್ಳುವುದು 16ರಿಂದ 25 ವರ್ಷದವರ ರೈಲ್‌ಕಾರ್ಡ್. ವರ್ಷಕ್ಕೆ 35 ಪೌಂಡ್, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ. 25 ದಾಟಿದ್ದರೂ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಕೊಡುತ್ತಾರೆ. ದೂರದ ಊರಾದರೆ ಬಸ್ಸೇ ಸೋವಿ. ನನ್ನ ಚಡ್ಡಿ ದೋಸ್ತ್ ಮ್ಯಾಂಚೆಸ್ಟರ್‌ನಲ್ಲಿದ್ದಾನೆ. ಲೀಡ್ಸ್‌ನಿಂದ ರೈಲಿನಲ್ಲಿ ಒಂದು ತಾಸಿನ ದಾರಿ. ಇಷ್ಟು ಹತ್ತಿರ ಇದ್ದೂ ಮೊದಲ ವರ್ಷ ಸರಿಯಾಗಿ ಭೇಟಿಯೇ ಆಗಿರಲಿಲ್ಲ, ಇಬ್ಬರೂ ಕೆಲಸ ಕೆಲಸ ಅಂತ ಓಡುತ್ತಿದ್ದೆವು. ಈಗ ತಿಂಗಳ ಒಂದು ರವಿವಾರ ಇಬ್ಬರೂ ಕೆಲಸಕ್ಕೆ ಹೆಸರು ಕೊಡುವುದಿಲ್ಲ. ಘಟಪ್ರಭೆ ಅಣ್ಣಾ, ಆ ರವಿವಾರದ ಕೂಲಿ ಹೋದರೆ ಹೋಗಲಿ ಅಂತ ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ.

ಇಳಕಲ್ ಸೆರಗು (ಇಳಕಲ್, ಸದ್ಯ ಜರ್ಮನಿಯ ಮಾಗ್ಡೆಬುರ್ಗ್)

ಮೇಲೆ ಬರೆದಿರುವ ಗೆಳತಿ ನಾನೇ. ನನ್ನನ್ನು ಕೇಳಿಯೇ ಬರೆದಿದ್ದಾಳೆ, ಹಾಗಾಗಿ ಮುಚ್ಚಿಡುವುದು ಏನೂ ಇಲ್ಲ.

ಮನೆಗೆ ಕರೆಯುವವರ ಕಡೆಯಿಂದಲೂ ಒಂದೆರಡು ಮಾತು ಹೇಳಬೇಕು. ಅವಳು "ಬರ್ತೀನಿ" ಅಂದಾಗ ನಾನು ಬೇಡ ಅಂದಿದ್ದೆ. ಖೋಲಿ ಸಣ್ಣದು. ಮಂಗಳವಾರಕ್ಕೆ ಲ್ಯಾಬ್ ರಿಪೋರ್ಟ್ ಕೊಡಬೇಕಿತ್ತು. ಬಂದವರಿಗೆ ಅಡುಗೆ ಮಾಡಿ ಹಾಕಬೇಕು, ಊರು ತೋರಿಸಬೇಕು ಅನ್ನುವ ಭಾರ ತಲೆ ಮೇಲೆ. ನಮ್ಮ ಕಡೆ ಮನೆಗೆ ಬಂದವರನ್ನು ಬರೀ ಚಹಾ ಕೊಟ್ಟು ಕಳಿಸಿದರೆ ನಮಗೇ ಸಮಾಧಾನ ಇರುವುದಿಲ್ಲ, ಅಲ್ವಾ? ಅವಳು ಅದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದಳು. "ಬುತ್ತಿ ನಾನು ತರ್ತೀನಿ. ನೀನು ರಿಪೋರ್ಟ್ ಬರಿ, ನಾನು ಪಕ್ಕದಾಗ ಕೂತು ನಂದು ಓದ್ಕೋತೀನಿ."

ಹಾಗೇ ಆಯಿತು. ಶನಿವಾರ ಮಧ್ಯಾಹ್ನ ನಾನು ಮೇಜಿನ ಮೇಲೆ ಬರೆಯುತ್ತಿದ್ದರೆ ಅವಳು ಹಾಸಿಗೆ ಮೇಲೆ ಗೋಡೆಗೆ ಒರಗಿ ತನ್ನ ನೋಟ್ಸ್ ಓದುತ್ತಿದ್ದಳು. ಮಾತಿಲ್ಲ. ವಾರಗಟ್ಟಲೆ ಆಗದೆ ಉಳಿದಿದ್ದ ಕೆಲಸ ಅವತ್ತು ಮುಗಿಯಿತು. ಓದು ಹಾಳಾಗುತ್ತದೆ ಅನ್ನುವವರು ಇದನ್ನೂ ಸ್ವಲ್ಪ ಯೋಚಿಸಲಿ. ಒಬ್ಬಳೇ ಇದ್ದಾಗ ಆ ರಿಪೋರ್ಟ್ ಮುಂದೆ ಎಷ್ಟೋ ಸಂಜೆ ಸುಮ್ಮನೆ ಕೂತು ಎದ್ದಿದ್ದೇನೆ.

ಹೋಗುವವರಿಗೆ ನಾನು ಹೇಳುವುದು ಇಷ್ಟೇ. ಹೊದಿಕೆ ನೀವೇ ಒಯ್ಯಿರಿ, ಇಲ್ಲಿನ ಹಾಸ್ಟೆಲ್‌ಗಳಲ್ಲಿ ಎರಡನೇ ರಜಾಯಿ ಇರುವುದಿಲ್ಲ. ರಾತ್ರಿ ಹತ್ತರ ಮೇಲೆ ದನಿ ಎತ್ತಬೇಡಿ, ಪಕ್ಕದ ಖೋಲಿಯವರು ದೂರು ಕೊಟ್ಟರೆ ತೊಂದರೆ ಅನುಭವಿಸುವವರು ನಿಮ್ಮ ಗೆಳತಿ, ನೀವು ಊರಿಗೆ ಹೋಗಿರುತ್ತೀರಿ. ಸಾಮಾನು ಬೇಕಿದ್ದರೆ ಶನಿವಾರವೇ ತಂದಿಡಿ. ರವಿವಾರ ದೊಡ್ಡ ನಿಲ್ದಾಣಗಳ ಒಳಗಿನ ಕೆಲವು ಅಂಗಡಿ ಬಿಟ್ಟರೆ ಎಲ್ಲ ಬಂದ್. ಪಾತ್ರೆ ತೊಳೆದುಕೊಡಿ. ನಿಮ್ಮನ್ನು ಬಿಟ್ಟು ಬಂದ ಮೇಲೆ ಒಬ್ಬರೇ ಸಿಂಕ್ ಮುಂದೆ ನಿಲ್ಲುವುದು ಇದೆಯಲ್ಲ, ಅದು ಬಹಳ ಬೇಸರದ ಕೆಲಸ.

ಬಿಳಿಜೋಳ (ವಿಜಯಪುರ)

ನನ್ನ ಮಗ ಹೊರಗೆ ಓದಿ ಬಂದು ಈಗ ಬೆಂಗಳೂರಲ್ಲಿದ್ದಾನೆ. ಬುತ್ತಿಯ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ಎಲ್ಲ ತಾಯಂದಿರೂ ಓದಿ.

ಮಕ್ಕಳು ಹೊರಡುವಾಗ ಪ್ರೀತಿಯಿಂದ ಬೆಳಗಾವಿ ಕುಂದಾ, ಧಾರವಾಡ ಪೇಡೆ ಕಟ್ಟಿಕೊಡುತ್ತೇವೆ. ಯುರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಅವಕಾಶ ಇಲ್ಲ. ಏರ್‌ಪೋರ್ಟ್‌ನಲ್ಲಿ ತೆಗೆದರೆ ಕಸದ ಬುಟ್ಟಿಗೇ. ಕುಂದಾ ಪೂರ್ತಿ ಹಾಲಿನದ್ದು, ಅದನ್ನು ಕಟ್ಟಲೇಬೇಡಿ. ಹಸಿ ಕರಿಬೇವು, ತರಕಾರಿಗೂ ಸರ್ಟಿಫಿಕೇಟ್ ಕೇಳುತ್ತಾರೆ, ಅದೂ ಬೇಡ. ಖಡಕ್ ರೊಟ್ಟಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಎಳ್ಳು-ಬೆಲ್ಲದ ಉಂಡಿ ಒಯ್ಯಬಹುದು.

ರೊಟ್ಟಿ ಚೂರಾಗದಿರಲು ನಾನು ಹೀಗೆ ಮಾಡುತ್ತಿದ್ದೆ. ಜೋಳದ ರೊಟ್ಟಿಯನ್ನು ಬೇಯಿಸಿದ ಮೇಲೆ ಕೆಂಡದ ಹತ್ತಿರ ಒರಗಿಸಿ ಪೂರ್ತಿ ಗರಿಗರಿ ಮಾಡಬೇಕು, ಸ್ವಲ್ಪ ತೇವ ಉಳಿದರೂ ಬೂಸರು ಬರುತ್ತದೆ. ಆಮೇಲೆ ಸಣ್ಣ ಸ್ಟೀಲ್ ಡಬ್ಬಿಯ ಅಳತೆಗೆ ತಟ್ಟಿದ ರೊಟ್ಟಿಗಳನ್ನು ಹತ್ತಿ ಬಟ್ಟೆ ಸುತ್ತಿ ಅಲುಗದ ಹಾಗೆ ತುಂಬಬೇಕು. ದೊಡ್ಡ ರೊಟ್ಟಿ ತಟ್ಟುವ ಆಸೆ ಬಿಡಿ.

ಮಗಳೇ, ಗೆಳತಿಯ ಕುಕ್ಕರ್ ಡಬ್ಬಿ ಬಿಚ್ಚಿಸಿ ಬಂದಿಯೋ ಇಲ್ಲವೋ, ಅದನ್ನು ಬರೆಯಲೇ ಇಲ್ಲವಲ್ಲ?

ಗುಮ್ಮಟದೂರಿನವಳು

ಬಿಚ್ಚಿಸಿದೆ ಅವ್ವಾರ. ರವಿವಾರ ಬೆಳಿಗ್ಗೆ ತೊಗರಿಬೇಳೆ ಇಟ್ಟು ಸಾರು ಮಾಡಿಯೇ ಹೊರಟದ್ದು. ಎರಡು ದಿನಕ್ಕೆ ಆಗುವಷ್ಟು ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಟ್ಟೆ.

ಎಡದಂಡೆ ಕಾಲುವೆ (ಆಲಮಟ್ಟಿ)

ನಾನು ನೀರಾವರಿ ಕೆಲಸದಲ್ಲಿ ಇದ್ದವನು. ಮಾಗ್ಡೆಬುರ್ಗ್ ಅಂದ ಕೂಡಲೇ ಕಿವಿ ನಿಮಿರಿತು. ಅಲ್ಲಿ ನದಿಯ ಮೇಲೆ ಹಡಗು ಹೋಗುವ ಕಾಲುವೆಯನ್ನೇ ಸೇತುವೆ ಮಾಡಿ ದಾಟಿಸಿದ್ದಾರೆ. ಕೆಳಗೆ ಎಲ್ಬೆ ನದಿ, ಮೇಲೆ ಮಿಟ್ಟೆಲ್‌ಲಾಂಡ್ ಕಾಲುವೆ. 918 ಮೀಟರ್ ಉದ್ದ, 2003ರಲ್ಲಿ ತೆರೆದದ್ದು. ಅದಕ್ಕಿಂತ ಮುಂಚೆ ಹಡಗುಗಳು ಒಂದು ಕಡೆ ನದಿಗೆ ಇಳಿದು, ಸುಮಾರು 12 ಕಿ.ಮೀ. ಸುತ್ತಿ, ಇನ್ನೊಂದು ಕಡೆ ಮತ್ತೆ ಕಾಲುವೆಗೆ ಏರಬೇಕಿತ್ತು. ನಮ್ಮ ವಿಜಯಪುರದ ತಿಡಗುಂದಿ ಮೇಲ್ಗಾಲುವೆ ನೋಡಿದವರಿಗೆ ನೀರು ಕಂಬದ ಮೇಲೆ ಹರಿಯುವುದು ಹೊಸದಲ್ಲ. ಆದರೆ ಹೊಲಕ್ಕೆ ನೀರು ಒಯ್ಯುವುದು ಬೇರೆ, ಸರಕು ತುಂಬಿದ ಹಡಗನ್ನೇ ಒಯ್ಯುವುದು ಬೇರೆ. ಇಷ್ಟು ಹತ್ತಿರ ಹೋಗಿ ನೋಡಿದಿರೋ ಇಲ್ಲವೋ?

ಇಳಕಲ್ ಸೆರಗು

ನೋಡಿದೆವು ಸರ್! ಊರಿನ ಉತ್ತರಕ್ಕೆ ಹೊಹೆನ್‌ವಾರ್ಟೆ ಹತ್ತಿರ ಇದೆ. ರವಿವಾರ ಬೆಳಿಗ್ಗೆ ನನ್ನ ಸೈಕಲ್ಲು, ಪಕ್ಕದ ಖೋಲಿಯವರಿಂದ ಕೇಳಿ ತಂದ ಇನ್ನೊಂದು ಸೈಕಲ್ಲು ಹತ್ತಿ ಎಲ್ಬೆ ದಂಡೆಯ ದಾರಿ ಹಿಡಿದೆವು. ಸೇತುವೆಯ ಪಕ್ಕದಲ್ಲಿ ನಡೆಯಲು, ಸೈಕಲ್ ಹೊಡೆಯಲು ದಾರಿ ಇದೆ. ನಾವು ನಿಂತಿದ್ದಾಗ ಒಂದು ಉದ್ದನೆಯ ಸರಕು ಹಡಗು ಬಂತು. ಶಬ್ದವೇ ಇಲ್ಲ. ನಮ್ಮ ಸೊಂಟದ ಎತ್ತರದಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನೀರು ಒತ್ತರಿಸಿಕೊಂಡು ಹೋಯಿತು. ಕಂಬಿಯ ಈಚೆ ಬಗ್ಗಿ ನೋಡಿದರೆ ಕೆಳಗೆ ನದಿ ತನ್ನ ಪಾಡಿಗೆ ಬೇರೆ ದಿಕ್ಕಿಗೆ ಹರಿಯುತ್ತಿತ್ತು. ನಾನು ಇದೇ ಊರಿನಲ್ಲಿದ್ದೂ ಅಲ್ಲಿಗೆ ಹೋಗಿದ್ದು ಅವಳು ಬಂದಾಗಲೇ.

ಇನ್ನೊಂದು ವಿಷಯ ನಿಮಗೆ ಹಿಡಿಸುತ್ತದೆ. ನಮ್ಮ ವಿಜ್ಞಾನ ಪಾಠದಲ್ಲಿ ಎರಡು ತಾಮ್ರದ ಅರ್ಧಗೋಳ ಜೋಡಿಸಿ, ಒಳಗಿನ ಗಾಳಿ ತೆಗೆದು, ಕುದುರೆ ಕಟ್ಟಿ ಎಳೆಸಿದ ಚಿತ್ರ ಇರುತ್ತದಲ್ಲ? ಅದನ್ನು ಮಾಡಿದ ಒಟ್ಟೊ ಫಾನ್ ಗೇರಿಕೆ ಈ ಊರಿನ ಮೇಯರ್ ಆಗಿದ್ದವರು. 1654ರಲ್ಲಿ ರೇಗೆನ್ಸ್‌ಬುರ್ಗ್‌ನಲ್ಲಿ ಗಾಳಿ ತೆಗೆಯುವ ಪ್ರಯೋಗಗಳನ್ನು ತೋರಿಸಿದರು, 1657ರಲ್ಲಿ ಮಾಗ್ಡೆಬುರ್ಗ್‌ನಲ್ಲೇ ಅರ್ಧಗೋಳಕ್ಕೆ 16 ಕುದುರೆ ಕಟ್ಟಿ ಎಳೆಸಿದರು. ನಾನು ಓದುವ ವಿಶ್ವವಿದ್ಯಾಲಯಕ್ಕೂ ಅವರದೇ ಹೆಸರು. ಅವರ ಮೂರ್ತಿಯ ಮುಂದೆ ನಿಂತಾಗ ನಮ್ಮ ಗುಮ್ಮಟದೂರಿನವಳು ಲೆಕ್ಕ ಹಾಕಿ, "ಗೋಳಗುಮ್ಮಟದ ಕೆಲಸ ನಿಂತದ್ದು 1656ರಾಗ, ಇಲ್ಲಿ ಕುದುರಿ ಎಳದದ್ದು ಮರುವರ್ಷ" ಅಂದಳು. ಅಲ್ಲಿ 44 ಮೀಟರ್ ಅಗಲದ ಗುಮ್ಮಟ ಎದ್ದು ನಿಂತಾಗ ಇಲ್ಲಿ ಎರಡು ತೋಳಿನಲ್ಲಿ ಅಪ್ಪಬಹುದಾದ ಗೋಳವನ್ನು ಬಿಡಿಸಲು ಕುದುರೆಗಳು ಒದ್ದಾಡುತ್ತಿದ್ದವು. ಈ ಊರು ಅವತ್ತೇ ಮೊದಲ ಸಲ ನನಗೆ ಸ್ವಲ್ಪ ಪರಿಚಯದ್ದು ಅನ್ನಿಸಿತು. ಪುಸ್ತಕದಲ್ಲಿ ಓದಿದ್ದರೂ ಹಾಗೆ ಅನ್ನಿಸಿರಲಿಲ್ಲ.

ಮಲಪ್ರಭಾ ದಂಡಿ (ಸವದತ್ತಿ)

ಒಂದು ಪ್ರಶ್ನೆ. ನಾನು ಜರ್ಮನಿಗೆ ಹೊರಟಿದ್ದೇನೆ, ಗೆಳೆಯ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿದ್ದಾನೆ. ಅಲ್ಲಿಗೆ ಹೋಗಲು ಬೇರೆ ವೀಸಾ ಬೇಕಾ?

ಬಸವ ಎಕ್ಸ್‌ಪ್ರೆಸ್

ಬೇಡ. ಜರ್ಮನಿಯ ವಿದ್ಯಾರ್ಥಿ ವೀಸಾ ಅಥವಾ ರೆಸಿಡೆನ್ಸ್ ಕಾರ್ಡ್ ಇದ್ದರೆ ಬೇರೆ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಪಾಸ್‌ಪೋರ್ಟ್ ಮಾತ್ರ ಜೊತೆಗಿರಲೇಬೇಕು, ಫೋಟೋಕಾಪಿ ನಡೆಯುವುದಿಲ್ಲ. ಇಂಗ್ಲೆಂಡಿಗೆ ಹೋಗುವುದಾದರೆ ಬೇರೆ ವೀಸಾ.

ಘಟಪ್ರಭೆ

ಎಲ್ಲವನ್ನೂ ಓದಿದೆ. ಇಳಕಲ್ ತಂಗಿ ಬರೆದದ್ದು, ಪಕ್ಕದಲ್ಲಿ ಕೂತು ಓದಿದ್ದು, ಅದು ನನಗೆ ಒಪ್ಪಿಗೆಯಾಯಿತು. ಹಾಗಿದ್ದರೆ ಅದು ಓದು ಬಿಟ್ಟು ಹೋದದ್ದಲ್ಲ. ಸಾಲದ ಕಂತು ಶುರುವಾದ ಮೇಲಿನ ಕಷ್ಟ ನಾನು ಉಂಡಿದ್ದೇನೆ, ಅದಕ್ಕೇ ರೊಕ್ಕದ ಮಾತು ಗಟ್ಟಿಯಾಗಿ ಹೇಳಿದೆ. ಅದನ್ನು ಈಗಲೂ ಹೇಳುತ್ತೇನೆ. ತಿಂಗಳಿಗೆ ಇಷ್ಟು ಅಂತ ಮೊದಲೇ ಗೆರೆ ಹಾಕಿಕೊಂಡು, ಗೆಳೆಯರನ್ನು ನೋಡುವ ಪ್ರಯಾಣಕ್ಕೆ ಮಾತ್ರ ಅದನ್ನು ಇಡಿ. ಪ್ಯಾರಿಸ್ಸು, ಪ್ರಾಗು ಕೆಲಸ ಸಿಕ್ಕ ಮೇಲೆ ನೋಡಿದರಾಯಿತು.

ನವನಗರದ ಕಾಕಾ

ನಿನ್ನೆ ಮಗಳ ಜೊತೆ ಈ ಚರ್ಚೆ ಇಟ್ಟುಕೊಂಡೇ ಮಾತಾಡಿದೆ. ಮೊದಲು ಸುಮ್ಮನಿದ್ದಳು. ಆಮೇಲೆ ಹೇಳಿದಳು, ಡಿಸೆಂಬರ್ ಸೂಟಿಗೆ ಹಾಸ್ಟೆಲ್‌ನಲ್ಲಿ ಎಲ್ಲರೂ ಅವರವರ ಮನೆಗೆ ಹೋಗುತ್ತಾರಂತೆ, ಅವಳ ಮಹಡಿಯಲ್ಲಿ ಅವಳೊಬ್ಬಳೇ ಉಳಿಯುತ್ತಾಳಂತೆ. ಅಲ್ಲಿ ಅವಳಿಗೆ ನಮ್ಮ ಕಡೆಯವರು ಯಾರೂ ಪರಿಚಯ ಇಲ್ಲ. ಸೆಮಿಸ್ಟರ್ ಶುಲ್ಕದ ರಸೀದಿ ನೋಡಿದ್ದಾಳೆ, ಪಾಸು ಅದರಲ್ಲೇ ಸೇರಿದೆ ಅಂದಳು.

ಇಳಕಲ್ ಸೆರಗು

ಕಾಕಾರ, ಮಗಳನ್ನು ನನ್ನಲ್ಲಿಗೆ ಕಳಿಸಿ. ಡಿಸೆಂಬರ್‌ನಲ್ಲಿ ಗುಮ್ಮಟದೂರಿನವಳೂ ಇಲ್ಲೇ ಬರುತ್ತಾಳೆ. ಇಲ್ಮೆನಾವ್‌ನಿಂದ ಏರ್ಫುರ್ಟ್‌ಗೆ ಬಂದು ಅಲ್ಲಿ ಗಾಡಿ ಬದಲಿಸಬೇಕು. ಹಗಲಲ್ಲೇ ಮುಟ್ಟಬಹುದು, ನಿಲ್ದಾಣಕ್ಕೆ ನಾವೇ ಬಂದು ನಿಲ್ಲುತ್ತೇವೆ. ನಂಬರ್ ಇಲ್ಲಿ ಎಲ್ಲರೆದುರು ಹಾಕಬೇಡಿ, ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಮೊದಲು ನಾವು ಮೂವರೂ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತೇವೆ, ಅವಳಿಗೆ ಸರಿ ಅನ್ನಿಸಿದರೆ ಮಾತ್ರ ಬರಲಿ.

ನವನಗರದ ಕಾಕಾ

ಮೆಸೇಜ್ ಮಾಡಿದ್ದೇನೆ ತಾಯಿ. ಅವಳ ತಾಯಿಗೂ ಓದಿ ಹೇಳಿದೆ. ಈಗಲೇ ಸಣ್ಣ ಡಬ್ಬಿಯ ಅಳತೆ ಕೇಳುತ್ತಿದ್ದಾಳೆ.

ಗುಮ್ಮಟದೂರಿನವಳು

ಕಾಕಾರ, ಮಗಳಿಗೆ ಒಂದು ಹೇಳಿಬಿಡಿ. ಕ್ರಿಸ್‌ಮಸ್ ಅಂತ ಡಿಸೆಂಬರ್ 24ರ ಮಧ್ಯಾಹ್ನದ ಹೊತ್ತಿಗೆ ಇಲ್ಲಿ ಅಂಗಡಿಗಳು ಮುಚ್ಚುತ್ತವೆ. 25, 26 ಎರಡೂ ದಿನ ಬಂದ್. 27 ಶನಿವಾರ ಒಂದು ದಿನ ತೆರೆದು, ರವಿವಾರ ಮತ್ತೆ ಬಂದ್. ಗಾಡಿಗಳೂ ಆ ದಿನಗಳಲ್ಲಿ ಕಡಿಮೆ. ಹಾಗಾಗಿ 23ಕ್ಕೇ ಹೊರಟು ಬರಲಿ. ಅಕ್ಕಿ, ತೊಗರಿಬೇಳೆ, ಉಳ್ಳಾಗಡ್ಡಿ ನಾವು ಮೊದಲೇ ತಂದಿಡುತ್ತೇವೆ. ಹೊದಿಕೆ ಒಂದು ತರಲಿ ಸಾಕು. ಅಗಸಿ ಚಟ್ನಿ ಇದ್ದರೆ ಅದನ್ನೂ ತರಲಿ, ನಮ್ಮದು ಮುಗಿದಿದೆ.